ರಾಜನ ಮಗ ತೀರಿದ ಪುಟ

ಫಿಡೆಲಿಸ್ ಅಂಗಿಗೆ ಇಸ್ತ್ರಿ ಹಾಕಿದನೆಂದರೆ ಕಾಲರಿನ ಮೇಲೆ ಕೂತ ನೊಣ ಜಾರಿ ಬೀಳಬೇಕು. ಕಿನ್ನಿಗೋಳಿ ಕಡೆಯ ಮನುಷ್ಯ. ಎಂಬತ್ತೊಂದರಲ್ಲಿ ದುಬೈಗೆ ಬಂದು ಕರಾಮದ ಲಾಂಡ್ರಿಯೊಂದರಲ್ಲಿ ನಿಂತವನು ಇಪ್ಪತ್ತೆರಡು ವರ್ಷ ಅಲ್ಲಿಂದ ಕಾಲು ಕೀಳಲಿಲ್ಲ. ಒಂದೇ ಕೋಣೆಯಲ್ಲಿ ನಾಲ್ವರಿದ್ದೆವು: ಅವನು, ಅವನ ಅಣ್ಣನ ಮಗ ಗೇಬ್ರಿಯಲ್, ವ್ಯಾನ್ ಓಡಿಸುವ ಉಳ್ಳಾಲದ ಮುಹಿಯುದ್ದೀನ್ ಬ್ಯಾರಿ, ಅಡುಗೆ ನೋಡಿಕೊಳ್ಳುವ ನಾನು ಪುರಂದರ.

ಫಿಡೆಲಿಸನ ಹತ್ತಿರ ಅಪ್ಪನ ಕಾಲದ ಒಂದು ಕೊಂಕಣಿ ಪುಸ್ತಕವಿತ್ತು. ರಟ್ಟು ಹೋಗಿ ಹೊಲಿಗೆ ಬಿಟ್ಟದ್ದು. ಏಳುನೂರು ವರ್ಷ ಹಿಂದೆ ಫ್ರಾನ್ಸ್ ದೇಶ ಆಳಿದ ಲೂವಿಸ್ ರಾಜನ ಚರಿತ್ರೆ. ರಾಜನಾದರೂ ಬಡವರನ್ನು ತನ್ನ ಮೇಜಿಗೆ ಕರೆದು ತಾನೇ ಬಡಿಸುತ್ತಿದ್ದನಂತೆ, ಅವರ ಕಾಲು ತೊಳೆಯುತ್ತಿದ್ದನಂತೆ. ಕೊನೆಗೆ ದಂಡು ಕಟ್ಟಿಕೊಂಡು ಸಮುದ್ರ ದಾಟಿ, ಟ್ಯುನಿಸ್ ಎಂಬಲ್ಲಿ ಡೇರೆ ಹಾಕಿದ್ದಾಗ ರೋಗ ಹಿಡಿದು ಬೂದಿಯ ಹಾಸಿಗೆಯ ಮೇಲೆ ಪ್ರಾಣ ಬಿಟ್ಟ. ಇಗರ್ಜಿ ಅವನನ್ನು ಸಂತನೆಂದಿತು. ಆಗಸ್ಟ್ ಇಪ್ಪತ್ತೈದು ಅವನ ಹಬ್ಬ. ಅವತ್ತು ಫಿಡೆಲಿಸ್ ಬಸ್ ಸ್ಟಾಪಿನಿಂದ ಗುರುತಿಲ್ಲದ ಮೂವರು ಕೂಲಿಯವರನ್ನು ಕರೆತಂದು ಕೈಯಾರೆ ಬಡಿಸಿ, ನಿಂತುಕೊಂಡೇ ಪುಸ್ತಕದ ಕೊನೆಯ ಅಧ್ಯಾಯ ಓದುತ್ತಿದ್ದ. ಅವರಿಗೆ ಕೊಂಕಣಿ ಬಾರದು. ಅವರು ಉಣ್ಣುತ್ತಿದ್ದರು.

ಆ ಅಧ್ಯಾಯದಲ್ಲಿ ಒಂದು ಪುಟ. ದಂಡಿನ ಜೊತೆ ಬಂದಿದ್ದ ರಾಜನ ಮಗನೂ ಅದೇ ರೋಗದಲ್ಲಿ, ತಂದೆಗಿಂತ ಮೊದಲು ತೀರಿಕೊಂಡ. ಹಾಸಿಗೆ ಹಿಡಿದ ತಂದೆಗೆ ಕೆಲವು ದಿನ ಯಾರೂ ಹೇಳಲಿಲ್ಲ. ಅಲ್ಲಿಗೆ ಬಂದರೆ ಫಿಡೆಲಿಸನಿಗೆ ವರ್ಷ ವರ್ಷವೂ ಹೊಸ ಸಿಟ್ಟು.

"ಮಂತ್ರಿಗಳಂತೆ ಮಂತ್ರಿಗಳು! ಹೆತ್ತವನಿಂದ ಮುಚ್ಚಿಡುವುದಾ?"

ನಮ್ಮೂರ ಕ್ರಿಶ್ಚಿಯನರನ್ನು ಕರೆಯುವ ಹಾಗೆ ಅವನನ್ನು ಪೊರ್ಬುಗಳೆಂದೇ ಕರೆಯುವ ಮುಹಿಯುದ್ದೀನ್ ಇದಕ್ಕೇ ಕಾದು ಕೂತವನ ಹಾಗೆ, "ರೋಗಿಗೆ ಎಂತ ಹೇಳುವುದು ಪೊರ್ಬುಗಳೇ? ನಿಮ್ಮ ಹಾಗೆ ಬಾಯಿ ಬಿಟ್ಟಿದ್ದರೆ ರಾಜ ಅವತ್ತೇ ಖಲಾಸ್," ಎನ್ನುತ್ತಿದ್ದ.

"ನಿನ್ನಂಥ ಬ್ಯಾರಿ ಮಂತ್ರಿ ಇದ್ದದ್ದಕ್ಕೇ ಅವನು ಸತ್ತದ್ದು."

ಇಷ್ಟು ಜಗಳ ಆಗದೆ ನಮ್ಮ ಕೋಣೆಯಲ್ಲಿ ಆ ಹಬ್ಬ ಮುಗಿಯುತ್ತಿರಲಿಲ್ಲ.

ತೊಂಬತ್ತೈದರ ಆಗಸ್ಟಿನಲ್ಲಿ ಫಿಡೆಲಿಸನಿಗೆ ಎದೆನೋವು ಬಂದು ಹತ್ತು ದಿನ ಆಸ್ಪತ್ರೆ. ಅವನ ಒಬ್ಬನೇ ಮಗ ಲೆಸ್ಲಿ ಆ ವರ್ಷವಷ್ಟೇ ಬಂದು ಅಬುಧಾಬಿಯಿಂದಾಚೆ ಮದೀನತ್ ಜಾಯೆದ್ ಕಡೆಯ ಒಂದು ಕ್ಯಾಂಪಿನಲ್ಲಿ ಕೆಲಸಕ್ಕೆ ಸೇರಿದ್ದ. ಶನಿವಾರ ಅವನಿದ್ದ ಪಿಕಪ್ ಗಾಡಿ ಮಗುಚಿತು. ಅಲ್ಲೇ ಹೋದ. ಫೋನು ಗೇಬ್ರಿಯಲ್‌ಗೆ ಬಂತು. ಸೋಮವಾರ ಫಿಡೆಲಿಸ್ ಕೋಣೆಗೆ ಮರಳಿದ. ಮನಸ್ಸಿಗೆ ಪೆಟ್ಟು ಬೀಳುವಂಥದ್ದೇನೂ ಆಗಬಾರದೆಂದು ಡಾಕ್ಟರು ಹೇಳಿ ಕಳಿಸಿದ್ದರು. ನಾವು ಹೇಳಲಿಲ್ಲ.

ಲೆಸ್ಲಿ ಗುರುವಾರ ಗುರುವಾರ ಕೆಳಗಿನ ಗ್ರೋಸರಿಗೆ ಫೋನು ಮಾಡುವವ. ಆ ಗುರುವಾರ ಗೇಬ್ರಿಯಲ್, "ಮಾಡಿದ್ದ ಬಾಪ್ಪು, ನೀವು ನಿದ್ದೆಯಲ್ಲಿದ್ದಿರಿ. ಡ್ಯೂಟಿ ಜಾಸ್ತಿಯಂತೆ," ಎಂದ. ಚಿಕ್ಕಪ್ಪನ ಮುಖ ನೋಡದೆ ಟೀವಿಗೆ ಹೇಳಿದ.

ಕಾಗದಪತ್ರ ಮುಗಿದು ಹೆಣ ಶುಕ್ರವಾರ ರಾತ್ರಿ ಅಬುಧಾಬಿಯಿಂದ ಬೊಂಬಾಯಿಗೆ ಹೋಗುವುದಿತ್ತು. ಶುಕ್ರವಾರ ಬೆಳಿಗ್ಗೆ ಒಲೆಯ ಹತ್ತಿರ ನಾನು ಗೇಬ್ರಿಯಲ್‌ಗೆ, "ಇವತ್ತು ಹೇಳದಿದ್ದರೆ ಅಪ್ಪ ಮಗನ ಮುಖ ಕಾಣುವುದಿಲ್ಲ," ಎಂದೆ.

"ಹೇಳಿ ಬಾಪ್ಪುವೂ ಹೋದರೆ, ಪುರಂದರಣ್ಣ? ಎರಡು ಪೆಟ್ಟಿಗೆ ಕಳಿಸುವುದಾ? ವಿಮಾನ ಹೋದ ಮೇಲೆ ಹೇಳುವ."

ನಾನು ತೆಂಗಿನಕಾಯಿ ತುರಿದೆ. ಎರಡು ಸಾಕಿತ್ತು. ನೋಡಿದರೆ ಐದು ತುರಿದಿದ್ದೆ.

ಆ ಶುಕ್ರವಾರವೇ ಇಪ್ಪತ್ತೈದು. ಗೇಬ್ರಿಯಲ್ ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿದ್ದ. ಫಿಡೆಲಿಸ್ ಹುಡುಕಿ ತೆಗೆದು, "ನನಗೆ ಕೆಟ್ಟದ್ದು ಎದೆ ಮಾರಾಯ, ಕಣ್ಣಲ್ಲ," ಎಂದ. ಬಸ್ ಸ್ಟಾಪಿಗೆ ಹೋಗುವಷ್ಟು ತ್ರಾಣವಿರಲಿಲ್ಲ. ಜುಮಾ ನಮಾಜು ಮುಗಿಸಿದ ಮುಹಿಯುದ್ದೀನನೇ ಮೂವರನ್ನು ಕರೆತಂದ. ಫಿಡೆಲಿಸ್ ಬಡಿಸಿದ, ನಿಂತು ಓದಿದ. ಡೇರೆ ಬಂತು, ರೋಗ ಬಂತು, ರಾಜನ ಮಗ ತೀರಿದ, ತಂದೆಗೆ ಯಾರೂ ಹೇಳಲಿಲ್ಲ. ಮಂತ್ರಿಗಳಿಗೆ ಬೈದ. ಬೈದು ಮುಹಿಯುದ್ದೀನನ ಕಡೆ ತಿರುಗಿ ಕಾದ.

ಮುಹಿಯುದ್ದೀನ್ ಅನ್ನ ಕಲಸುತ್ತಿದ್ದ. ಸಾರು ಹಾಕಿಕೊಂಡಿರಲಿಲ್ಲ, ಬರೀ ಅನ್ನ ಕಲಸುತ್ತಿದ್ದ.

"ಏ ಬ್ಯಾರಿ, ನಿನ್ನ ಮಾತು ಎಲ್ಲಿ?"

ಅವನು ತಲೆ ಎತ್ತಲಿಲ್ಲ. ಫಿಡೆಲಿಸ್ ಗೇಬ್ರಿಯಲ್‌ನನ್ನು ನೋಡಿದ, ಆಮೇಲೆ ನನ್ನನ್ನು.

"ಯಾವತ್ತು?"

"ಶನಿವಾರ," ಎಂದೆ.

"ಕಳಿಸಿ ಆಯ್ತಾ?"

"ಇಲ್ಲ. ಅಬುಧಾಬಿಯಲ್ಲಿದ್ದಾನೆ. ರಾತ್ರಿ ವಿಮಾನ."

ಎದೆ ಹಿಡಿಯಲಿಲ್ಲ, ಕೂಗಲಿಲ್ಲ. ಪುಟದೊಳಗೆ ಬೆರಳಿಟ್ಟು ಪುಸ್ತಕ ಮುಚ್ಚಿದ. ಕೂಲಿಯವರು ಕೈ ತಡೆದು ನೋಡುತ್ತಿದ್ದರು. "ಖಾವೋ, ಖಾವೋ," ಎಂದು ಅವರಿಗೆ ಇನ್ನೊಂದೊಂದು ಸೌಟು ಅನ್ನ ಹಾಕಿದ. ಅವರು ಉಂಡು ಕೈ ತೊಳೆದು ಹೋದ ಮೇಲೆ, "ಅವನಿಗೆ ಹಾಕಲಿಕ್ಕೆ ಅಂಗಿ ತಂದಿದ್ದೀರಾ?" ಎಂದು ಕೇಳಿದ.

ಗೇಬ್ರಿಯಲ್ ಮಂಚದಡಿಯಿಂದ ಪೊಟ್ಟಣ ತೆಗೆದ. ಹೊಸ ಬಿಳಿ ಅಂಗಿ, ಅಂಗಡಿಯ ಮಡಿಕೆ ಹಾಗೇ ಇತ್ತು. ಫಿಡೆಲಿಸ್ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ಕಿಟಕಿಯ ಮೇಲಿಟ್ಟ. ಇಸ್ತ್ರಿ ಪೆಟ್ಟಿಗೆ ಕಾಯಿಸಿದ. ಮೊದಲು ಕಾಲರು, ಆಮೇಲೆ ಕೈಪಟ್ಟಿ, ತೋಳು, ಎದೆ, ಬೆನ್ನು. ಮಲಗಿಸಿದವನ ಬೆನ್ನು ಯಾರು ನೋಡುತ್ತಾರೆ ಅನ್ನಿಸಿತು ನನಗೆ.

ಮುಹಿಯುದ್ದೀನನ ವ್ಯಾನಿನಲ್ಲಿ ಎರಡು ಗಂಟೆಯ ದಾರಿ. ಅಂಗಿ ಮುದುಡಬಾರದೆಂದು ಫಿಡೆಲಿಸ್ ಹ್ಯಾಂಗರನ್ನು ಎತ್ತಿ ಹಿಡಿದೇ ಕೂತ. ಗೇಬ್ರಿಯಲ್ ಕೈ ಚಾಚಿದ. ಕೊಡಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದಾಗ ಮಗನ ಮುಖ ನೋಡಿ, "ಗಡ್ಡ ಬಿಟ್ಟಿದ್ದಾನೆ," ಎಂದ. ಅಂಥ ಎದೆ ಹೊತ್ತು ಅವನು ವಿಮಾನ ಹತ್ತುವ ಹಾಗಿರಲಿಲ್ಲ. ಪೆಟ್ಟಿಗೆಯ ಜೊತೆ ಗೇಬ್ರಿಯಲ್ ಊರಿಗೆ ಹೋದ. ಅದರ ಮರುದಿನ ಫಿಡೆಲಿಸ್ ಲಾಂಡ್ರಿಗೆ ಹೋದ.

ಮರುವರ್ಷವೂ ಮೂವರಿಗೆ ಬಡಿಸಿ ಓದಿದ. ಆ ಪುಟ ಬಂದಾಗ ಬೈಯಲಿಲ್ಲ, ಓದು ನಿಲ್ಲಿಸಿದ. ಮುಹಿಯುದ್ದೀನ್ ಬಟ್ಟಲು ನೋಡುತ್ತಾ, "ರೋಗಿಗೆ ಎಂತ ಹೇಳುವುದು, ಪೊರ್ಬುಗಳೇ," ಎಂದ.

"ಆರು ದಿನ ಮುಚ್ಚಿಟ್ಟಿರಿ, ಬ್ಯಾರಿ," ಎಂದ ಫಿಡೆಲಿಸ್.

ಪುಟ ತಿರುಗಿಸಿ ಬೂದಿಯ ಹಾಸಿಗೆಯಿಂದ ಮುಂದಕ್ಕೆ ಓದಿದ.