ಫಳಫಳ ಅಕ್ಕನ ಒಣಬಟ್ಟೆ

ನಮ್ಮ ಮೂಳೆ ವಾರ್ಡಿನಲ್ಲಿ ಅವಳಿಗೆ ಫಳಫಳ ಅಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ರೋಗಿಗಳೇ ಇರಬೇಕು. ಹದಿನಾಲ್ಕು ಹಾಸಿಗೆ. ಅವುಗಳ ಕಂಬಿ, ಪಕ್ಕದ ಪೆಟ್ಟಿಗೆ, ಡ್ರಿಪ್ ಸ್ಟ್ಯಾಂಡು, ಗಂಟೆಯ ಗುಂಡಿ ಎಲ್ಲವನ್ನೂ ಇಪ್ಪತ್ತೆರಡು ವರ್ಷ ಒರೆಸಿದವಳು. ಕೈಯಲ್ಲಿ ಔಷಧಿ ನೀರಿನ ಒದ್ದೆ ಬಟ್ಟೆ, ಹೆಗಲ ಮೇಲೆ ಹಳೆಯ ಹಾಸಿಗೆ ಹೊದಿಕೆಯಿಂದ ಹರಿದುಕೊಂಡ ಒಣಬಟ್ಟೆ. ಒದ್ದೆ ಬಟ್ಟೆಯಲ್ಲೊಮ್ಮೆ, ಅದರ ಹಿಂದೆಯೇ ಒಣಬಟ್ಟೆಯಲ್ಲೊಮ್ಮೆ. ಆ ಕಂಬಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡವರಿದ್ದಾರೆ. ದೊಡ್ಡ ಡಾಕ್ಟರಿಗೂ "ಕಾಲು ಒರೆಸ್ಕೊಂಡು ಬನ್ನಿ ಸಾರ್" ಎನ್ನುವಷ್ಟು ಜೋರು ಬಾಯಿ. ನಾನು ಆ ವಾರ್ಡಿನ ನರ್ಸು, ನನಗೂ ಅವಳೆಂದರೆ ಸ್ವಲ್ಪ ಅಳುಕೇ.

ಆ ಒಣಬಟ್ಟೆ ಅವಳ ಹೆಗಲೇರಿದ್ದು ನನ್ನಿಂದ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳುತ್ತೇನೆಂಬ ನಂಬಿಕೆ ನನಗೇ ಇಲ್ಲ. ನಾನು ಹನ್ನೊಂದು ವರ್ಷದ ಹಿಂದೆ ಬಂದಾಗ ಒದ್ದೆ ಕಂಬಿ ತಾಗಿ ರೋಗಿಗಳು ಗೊಣಗುತ್ತಿದ್ದರು, ನನ್ನ ಕಾಗದಗಳೂ ನೆನೆಯುತ್ತಿದ್ದವು. "ಅಕ್ಕಾ, ಹೀಗೆ ಒದ್ದೆ ಬಿಟ್ರೆ ಹೇಗೆ? ಒಣಗಿಸಿಬಿಡಿ" ಎಂದಿದ್ದೆ. ಬಳಿದ ಔಷಧಿ ಹತ್ತು ನಿಮಿಷ ಹಸಿಯಾಗಿಯೇ ಇರಬೇಕು, ಆಗ ಮಾತ್ರ ರೋಗಾಣು ಸಾಯುತ್ತದೆ ಎಂದು ಔಷಧಿಯ ಕ್ಯಾನಿನ ಮೇಲೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಬರೆದಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಓದಲಿಲ್ಲ.

ಅವಳಿಗೊಬ್ಬ ತಮ್ಮ, ದರ್ಜಿ. ತಾಯಿ ತೀರಿಕೊಂಡ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಬಟ್ಟೆಯ ಗಂಟು ಹೊತ್ತು ಮೆಟ್ಟಿಲಿಳಿಯುವಾಗ ಜಾರಿ ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಒಳಗೆ ಸಲಾಕೆ ಹಾಕಿದರು. ಮೇಲಿನ ಮಹಡಿಯ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಖಾಲಿಯಿತ್ತು. ಇವಳು ಬಿಡಬೇಕಲ್ಲ!

"ಅಲ್ಲಿ ಧೂಳು ಕೈಗೆ ಅಂಟುತ್ತೆ ಸಾರ್. ನನ್ನ ತಮ್ಮ ನನ್ನ ವಾರ್ಡಲ್ಲೇ ಇರ್ಲಿ" ಎಂದು ಡಾಕ್ಟರ ಬೆನ್ನು ಬಿದ್ದು ಒಂಬತ್ತನೇ ಹಾಸಿಗೆ ಗಿಟ್ಟಿಸಿದಳು. ಉಳಿದವರ ಮಂಚ ದಿನಕ್ಕೊಮ್ಮೆ ಒರೆಸಿದರೆ ಅವನದನ್ನು ಮೂರು ಸಲ ಒರೆಸುತ್ತಿದ್ದಳು.

"ಅಕ್ಕಾ, ಹೀಗೇ ಒರೆಸ್ತಿದ್ರೆ ಕಂಬಿ ಸವೆದು ಹೋಗುತ್ತೆ. ಬಿದ್ದು ಇನ್ನೊಂದು ಕಾಲೂ ಮುರ್ಕೋತೀನಿ."

"ಬಾಯಿ ಮುಚ್ಕೊಂಡು ಮಲಗು" ಎಂದು ಅವಳು ಇನ್ನೊಮ್ಮೆ ತಿಕ್ಕುತ್ತಿದ್ದಳು.

ಆರನೇ ದಿನ ಜ್ವರ ಬಂತು. ಗಾಯ ಕೀವು ಕಟ್ಟಿತು. ಒಂದು ಔಷಧಿ ಕೊಟ್ಟರು, ಬಗ್ಗಲಿಲ್ಲ. ಇನ್ನೊಂದು, ಮತ್ತೊಂದು, ಎಲ್ಲವೂ ಕೈಕೊಟ್ಟವು. ಅಕ್ಕ ನನ್ನನ್ನು ಕಂಡಾಗಲೆಲ್ಲ "ಕಾಲು ಉಳಿಯುತ್ತಲ್ವಾ ಸಿಸ್ಟರ್?" ಎಂದು ಕೇಳುತ್ತಿದ್ದಳು. ಉಳಿಯುತ್ತೆ ಎನ್ನುತ್ತಿದ್ದೆ. ಇಪ್ಪತ್ತನೇ ದಿನ ಮೊಣಕಾಲ ಕೆಳಗೆ ಕತ್ತರಿಸಿದರು.

ಪ್ರಯೋಗಾಲಯದ ಡಾಕ್ಟರಮ್ಮ ವಾರ್ಡಿನ ಮೂಲೆಮೂಲೆಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಒಯ್ದರು. ಹದಿನಾಲ್ಕರಲ್ಲಿ ಒಂಬತ್ತು ಕಂಬಿಗಳ ಮೇಲೆ ಅದೇ ರೋಗಾಣು, ಯಾವ ಔಷಧಿಗೂ ಜಗ್ಗದ್ದು. ಅಕ್ಕನ ಒಣಬಟ್ಟೆಯಲ್ಲೂ ಇತ್ತು. ಆ ಬಟ್ಟೆ ಅದನ್ನು ಮಂಚದಿಂದ ಮಂಚಕ್ಕೆ ದಾಟಿಸುತ್ತಿತ್ತಂತೆ.

"ಔಷಧಿ ತಾನಾಗೇ ಒಣಗೋಕೆ ಬಿಡ್ಬೇಕಿತ್ತು. ಹಿಂದೇನೇ ಒರೆಸೋಕೆ ಯಾರಮ್ಮ ಹೇಳಿದ್ದು?" ಡಾಕ್ಟರಮ್ಮ ಕೇಳಿದರು.

ಫೈಲು ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಅಕ್ಕ ನನ್ನತ್ತ ನೋಡಿದಳು. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ.

"ಯಾರೂ ಇಲ್ಲ. ನಂದೇ ಹೊಳಪಿನ ಹುಚ್ಚು" ಎಂದಳು. ಆ ವಾರವೇ ಕೆಲಸ ಬಿಟ್ಟಳು.

ಅವಳು ನನ್ನ ಹೆಸರನ್ನು ನುಂಗಿಕೊಂಡು ನನ್ನನ್ನು ಉಳಿಸಿದಳು ಎಂದೇ ಒಂದು ವರ್ಷ ನಂಬಿದ್ದೆ. ಕೊನೆಗೆ ತಡೆಯಲಾಗದೆ ಒಂದು ಭಾನುವಾರ ಅವಳ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ, ಎರಡು ಕುರ್ಚಿ. ಕೂತವಳೇ "ಅಕ್ಕಾ, ಒರೆಸೋಕೆ ಹೇಳಿದ್ದು ನಾನು. ಆವತ್ತು ನನ್ನ ಹೆಸರು ಎತ್ತದೆ ಕಾಪಾಡಿದ್ರಿ" ಎಂದೆ.

ಅವಳು ಹುಬ್ಬು ಗಂಟಿಕ್ಕಿದಳು. "ನೀವಾ? ನೀವು ಯಾವಾಗ ಹೇಳಿದ್ರಿ?"

ಹೇಳಿದೆ.

"ಯಾರೋ ಹೇಳಿದ ಹಾಗಿತ್ತು. ಯಾರು ಅಂತ ಹೊಳೀಲಿಲ್ಲ. ನಿಮಗಾದ್ರೂ ಗೊತ್ತಿರುತ್ತೇನೋ ಅಂತ ಆವತ್ತು ನಿಮ್ಮ ಮುಖ ನೋಡಿದೆ ಸಿಸ್ಟರ್. ನೀವು ಮಾತಾಡ್ಲಿಲ್ಲ. ಸರಿ, ನಾನೇ ಮಾಡ್ಕೊಂಡಿದ್ದು ಅಂದ್ಕೊಂಡೆ."

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ನನ್ನ ತಮ್ಮನ ಮನೆ ಈ ಹಿಂದಿನ ಬೀದೀಲೇ ಇರೋದು. ಬಾ ಅಕ್ಕಾ, ಬಾ ಅಕ್ಕಾ ಅಂತ ಎಷ್ಟು ಸಲ ಹೇಳಿ ಕಳಿಸಿದ್ದಾನೆ. ಅವನ ಕಾಲು ನಾನೊಬ್ಬಳೇ ತಿಂದೆ ಅಂತ ಒಂದು ವರ್ಷದಿಂದ ಅವನಿಗೆ ಮುಖ ತೋರಿಸಿಲ್ಲ" ಎಂದಳು. "ಆವತ್ತೇ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಡಾಕ್ಟರಮ್ಮ ಕೇಳಿದ ಆ ತಿಂಗಳು ನನ್ನ ಬಡ್ತಿಯ ಆದೇಶ ಬರುವುದಿತ್ತು. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.