ಚಾರ್ಟಮ್ಮನ ಕಂಪ್ಯೂಟರಿಗೆ ಹಿಡಿದ ಅರ್ಧ ಗಂಟೆಯ ಗ್ರಹಚಾರ

ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟ್ ತೆಗೆಯುವ ಗುಮಾಸ್ತೆಯನ್ನು ಡ್ರೈವರುಗಳೆಲ್ಲ ಚಾರ್ಟಮ್ಮ ಎಂದೇ ಕರೆಯುತ್ತಿದ್ದರು. ಯಾರಿಗೆ ರಾತ್ರಿ ಪಾಳಿ, ಯಾರಿಗೆ ಭಾನುವಾರದ ರಜೆ ಎಂಬುದನ್ನು ಹನ್ನೆರಡು ವರ್ಷಗಳಿಂದ ಆಕೆ ಬರೆದ ಪ್ರೋಗ್ರಾಮೇ ಸರದಿ ತಪ್ಪದಂತೆ ಹಂಚುತ್ತಿತ್ತು. ಅದಕ್ಕೂ ಮೊದಲು ಸೂಪರಿಂಟೆಂಡೆಂಟರು ಕೈಯಲ್ಲೇ ಬರೆಯುತ್ತಿದ್ದರು. ಸಲಾಮು ಹೊಡೆದವರಿಗೆ ರಜೆ, ಹೊಡೆಯದವರಿಗೆ ರಾತ್ರಿ ಪಾಳಿ.

ಆ ದಿನ ಬೆಳಿಗ್ಗೆ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದು ಬಂತು, ಆದರೆ ಪ್ರೋಗ್ರಾಮನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಅದರಲ್ಲಿರಲಿಲ್ಲ. ಪ್ರೋಗ್ರಾಮ್ ಬರೆದ ಭಾಷೆ ಓಬೀರಾಯನ ಕಾಲದ್ದು, ಅದನ್ನು ಓದುವ ಇಂಟರ್‌ಪ್ರಿಟರಿನ ಸಿದ್ಧಪ್ರತಿ ಎಲ್ಲೂ ಸಿಗದು. ಅದರ ಮೂಲ ಬರಹವಾದ ಸೋರ್ಸ್ ಕೋಡ್ ತಂದು ಇಲ್ಲೇ ಕಂಪೈಲ್ ಮಾಡಬೇಕು, ಅಂದರೆ ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ಫೈಲು ಫೈಲಾಗಿ ಕಟ್ಟಬೇಕು.

"ಸಂಜೆ ನಾಲ್ಕರೊಳಗೆ ಚಾರ್ಟ್ ಬರ್ಲಿಲ್ಲ ಅಂದ್ರೆ ಇನ್ಮೇಲೆ ನಾನೇ ಬರೀತೀನಮ್ಮ," ಎಂದರು ಸೂಪರಿಂಟೆಂಡೆಂಟರು, ಪೆನ್ನಿನ ಮುಚ್ಚಳ ತೆಗೆದುಕೊಂಡೇ. ಚಾರ್ಟಮ್ಮನಿಗೆ ಮೈಯೆಲ್ಲ ಉರಿಯಿತು.

ಡ್ರೈವರುಗಳು ತಡಮಾಡಬಾರದೆಂದು ಡಿಪೋದ ಗಡಿಯಾರಗಳನ್ನೆಲ್ಲ ಅರ್ಧ ಗಂಟೆ ಮುಂದಿಡುವುದು ಅಲ್ಲಿಯ ರೂಢಿ. ಡ್ರೈವರುಗಳು ಆ ಅರ್ಧ ಗಂಟೆಯನ್ನು ಲೆಕ್ಕದಿಂದ ಕಳೆದೇ ಹಾಜರಾಗುತ್ತಿದ್ದರು, ಅದು ಬೇರೆ ಮಾತು. ಚಾರ್ಟಮ್ಮ ಅಭ್ಯಾಸಬಲದಿಂದ ಹೊಸ ಕಂಪ್ಯೂಟರಿಗೂ ಗೋಡೆ ಗಡಿಯಾರದ ಸಮಯವನ್ನೇ ಕೊಟ್ಟು, ಕಂಪೈಲಿಗೆ ಬೇಕಾದ ಸಿದ್ಧತೆಯ ಫೈಲುಗಳನ್ನು ತಯಾರಿಸಿದಳು. ಆಮೇಲೆ ಏನೋ ಒಂದು ಫೈಲು ಕಡಿಮೆ ಬಿತ್ತೆಂದು, ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಕೇಬಲ್ ಸಿಕ್ಕಿಸಿದಳು. ಕಂಪ್ಯೂಟರ್ ಸದ್ದಿಲ್ಲದೆ ಇಂಟರ್ನೆಟ್ ನೋಡಿ ತನ್ನ ಸಮಯವನ್ನು ತಾನೇ ಸರಿಮಾಡಿಕೊಂಡಿತು.

ಕಾಲು ಗಂಟೆ ಪರದೆಯ ಮೇಲೆ ಸಾಲುಗಳು ಓಡಿ ಕಂಪೈಲ್ ಮುಗಿಯಿತು. ಇನ್‌ಸ್ಟಾಲ್ ಮಾಡು ಎಂದರೆ ಪುಣ್ಯಾತ್ಮ ಮತ್ತೆ ಮೊದಲ ಫೈಲಿನಿಂದ ಶುರುಹಚ್ಚಿಕೊಂಡ! ನಿಲ್ಲಿಸಿ ಇನ್ನೊಮ್ಮೆ ಹೇಳಿದಳು. ಮತ್ತೆ ಅದೇ ರಾಗ.

"ನಿನಗೇನು ಬಂತೋ ರೋಗ?" ಎನ್ನುತ್ತ ಮೇಲಿನ ಸಾಲುಗಳನ್ನು ಹುಡುಕಿದಾಗ ಒಂದು ಎಚ್ಚರಿಕೆ ಕಣ್ಣಿಗೆ ಬಿತ್ತು: ಈ ಫೈಲಿನ ಸಮಯ ಇನ್ನೂ ಬಂದಿಲ್ಲ. ಚಾರ್ಟಮ್ಮ ಹಣೆ ಚಚ್ಚಿಕೊಂಡು ನಕ್ಕಳು. ಸಿದ್ಧತೆಯ ಫೈಲುಗಳ ಮೇಲೆ ಡಿಪೋದ ಸಮಯ ಬಿದ್ದಿತ್ತು. ಅವುಗಳ ಮುಂದೆ ಈಗಷ್ಟೇ ಕಟ್ಟಿದ್ದೆಲ್ಲ ಹಳೆಯದಾಗಿ ಕಂಡು, ಕಂಪ್ಯೂಟರ್ ಹೊಸದಾಗಿ ಕಟ್ಟಲು ಹೊರಡುತ್ತಿತ್ತು. ಎಲ್ಲ ಫೈಲಿಗೂ ಆಗಿನ ನಿಜವಾದ ಸಮಯ ಹಾಕಿ ಮತ್ತೆ ಕಂಪೈಲಿಗೆ ಕೊಟ್ಟಳು. ಈ ಸಲ ಜಾಣನಂತೆ ಇನ್‌ಸ್ಟಾಲ್ ಆಯಿತು.

ಚಾರ್ಟ್ ಹೊರಬೀಳುವಾಗ ಸೂಪರಿಂಟೆಂಡೆಂಟರು ಗೋಡೆ ತೋರಿಸಿದರು. "ನಾಲ್ಕೂ ಇಪ್ಪತ್ತು!"

"ನಿಮ್ಮ ಕೈಗಡಿಯಾರ ನೋಡಿ ಹೇಳಿ ಸಾರ್."

ಅದರಲ್ಲಿ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದರು.

ಹಿಂದೆಯೇ ಅದೇ ಡಿಪೋದ ಡ್ರೈವರಾದ ಚಾರ್ಟಮ್ಮನ ಗಂಡ ಚಾರ್ಟ್ ಹಿಡಿದು ಓಡಿಬಂದ. "ಮೂರು ದಿನ ರಾತ್ರಿ ಪಾಳಿ! ನಾನ್ಯಾರು ಅಂತ ನಿನ್ನ ಪ್ರೋಗ್ರಾಮಿಗೆ ಗೊತ್ತಿಲ್ವೇನೇ?"

"ಗೊತ್ತಿಲ್ಲ ರೀ," ಎಂದಳು ಚಾರ್ಟಮ್ಮ. "ಅದಕ್ಕೇ ಅಲ್ವಾ ಬೆಳಿಗ್ಗೆಯಿಂದ ಇಷ್ಟು ಒದ್ದಾಡಿದ್ದು?"