ಅಂಗಳದಲ್ಲಿ ಉಟ್ರೆಕ್ಟ್

ಹೋದ ರವಿವಾರ ಟ್ರಂಕಿನ ತಳದಲ್ಲಿ ಉಟ್ರೆಕ್ಟ್ ಸಿಕ್ಕಿತು. ಗಾಬರಿಯಾಗಬೇಡಿ, ಆ ಊರಿನ ನಕಾಶೆ ಅಷ್ಟೇ. ಅದರ ಮಡಿಕೆಗಳಲ್ಲಿ ಇನ್ನೂ ಸುಣ್ಣದ ಪುಡಿ ಉಳಿದಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ನಾನು ಸದಲಗಾದ ಹಾಲಿನ ಡೇರಿಯಲ್ಲಿದ್ದಾಗ, ಹದಿನೈದು ದಿನದ ತರಬೇತಿಗೆಂದು ನನ್ನನ್ನು ಹಾಲೆಂಡಿಗೆ ಕಳಿಸಿದ್ದರು. ಅಲ್ಲಿ ನಾನು ಕಣ್ತುಂಬ ನೋಡಿದ್ದು ಆಕಳ ಕೆಚ್ಚಲು. ಉಟ್ರೆಕ್ಟ್ ಎಂಬ ವಿದ್ಯಾರ್ಥಿಗಳ ಊರು ನೋಡಲು ಸಿಕ್ಕ ಒಂದೇ ರವಿವಾರ ನೆಗಡಿ ಹಿಡಿದು ಕಂಬಳಿ ಹೊದ್ದು ಮಲಗಿದ್ದೆ. ಇಂಥ ಅನುಭವಸ್ಥ ಊರಿಗೆ ಮರಳಿದ ಮೇಲೆ ಸುಮ್ಮನಿರುತ್ತಾನೆಯೇ? ಓಣಿಯ ಮಕ್ಕಳನ್ನೆಲ್ಲ ಕೂಡಿಸಿ, ನಕಾಶೆ ನೋಡಿಕೊಂಡು, ಅಂಗಳದಲ್ಲಿ ಸುಣ್ಣದ ಪುಡಿಯಿಂದ ಇಡೀ ಉಟ್ರೆಕ್ಟ್ ಬರೆದೆ. ಕಬ್ಬಿಗೆ ನೀರು ಹಾಯುವ ಕಾಲುವೆಯೇ ಅಲ್ಲಿನ ಕಾಲುವೆ. ಎಮ್ಮೆ ಕಟ್ಟುವ ಜಾಗ ವಿಶ್ವವಿದ್ಯಾಲಯ. ಅಲ್ಲೇನೂ ಹೆಚ್ಚಿನ ಬದಲಾವಣೆ ಬೇಕಾಗಲಿಲ್ಲ. ನೀರಿನ ಟಾಕಿ ಆ ಊರಿನ ಹೆಸರಾಂತ ಗಂಟೆ ಗೋಪುರ. ಅಲ್ಲಿಯ ಹಾಗೇ, ಸೈಕಲ್ ಬಂದರೆ ಎಲ್ಲರೂ ಬದಿಗೆ ಸರಿಯಬೇಕೆಂದು ಕಾಯ್ದೆ ಮಾಡಿದ್ದೆ. ಹಾಲು ಹಾಕಲು ಹೊರಟವರೂ ಸರಿದು ನಿಲ್ಲುತ್ತಿದ್ದರು.

"ಗೋಪುರದ ಮ್ಯಾಲಿಂದ ಏನ್ ಕಾಣತೈತ್ರಿ ಕಾಕಾ?" ಎಂದು ಅಣ್ಣನ ಮಗಳು ಸುನಂದಾ ಕೇಳಿದಳು. ಸಮುದ್ರ ಎಂದೆ. ಅಷ್ಟು ಹೇಳಲು ಮೆಟ್ಟಿಲು ಹತ್ತಲೇಬೇಕೇ, ನೀವೇ ಹೇಳಿ.

ಮುಂದಿನ ತಿಂಗಳು ಡೇರಿಗೆ ಉಟ್ರೆಕ್ಟಿನವರೇ ಆದ ದನದ ಡಾಕ್ಟರೊಬ್ಬರು ಬಂದರು. ಮಕ್ಕಳು ಅವರನ್ನು ಎಳೆದು ತಂದು ಅವರ ಊರನ್ನು ಅವರಿಗೇ ತೋರಿಸಿದರು. ಪುಣ್ಯಾತ್ಮರು ಸೈಕಲ್ಲಿಗೂ ಸರಿದು ನಿಂತರು. ಟಾಕಿಯ ಹತ್ತಿರ ಸುನಂದಾ ಅದೇ ಪ್ರಶ್ನೆ ಎತ್ತಿದಾಗ ನನ್ನ ಜೀವ ಬಾಯಿಗೆ ಬಂತು. ಆ ಮಕ್ಕಳ ಎದುರಿಗಷ್ಟೇ ನಾನು ದೊಡ್ಡ ಮನುಷ್ಯನಾಗಿದ್ದೆ. ದುಭಾಷಿಯೂ ನಾನೇ. ತಾವು ಅಲ್ಲೇ ಹುಟ್ಟಿ ಬೆಳೆದರೂ ಆ ಗೋಪುರವನ್ನು ಒಮ್ಮೆಯೂ ಹತ್ತಿಲ್ಲವೆಂದು ಅವರು ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

"ಸಮುದ್ರ ಕಾಣತೈತಿ ಅಂತಾರ," ಎಂದು ನಾನು ಕನ್ನಡಿಸಿದೆ.

ಸುನಂದಾ ಈಗ ಚಿಕ್ಕೋಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನಕಾಶೆ ಸಿಕ್ಕ ರವಿವಾರವೇ ಮಗಳನ್ನು ಕರೆದುಕೊಂಡು ಬಂದವಳು ನಕಾಶೆ ಕಂಡು ನಕ್ಕಳು.

"ಅವರು ಹತ್ತಿಲ್ಲ ಅಂದಿದ್ದು ನನಗ ಅವತ್ತೇ ತಿಳದಿತ್ರಿ ಕಾಕಾ. ನೆವರ್ ಅಂದ್ರ ಏನಂತ ಸಾಲ್ಯಾಗ ಅದೇ ವಾರ ಕಲ್ತಿದ್ದೆ. ಎಲ್ಲಾರ ಮುಂದ ನಿಮ್ಮ ಮಾರಿ ಸಣ್ಣದಾಗಬಾರದಂತ ಸುಮ್ಮನಿದ್ದೆ."

ನನ್ನ ಜಾಣತನದಿಂದ ಉಳಿಯಿತೆಂದು ನಾನು ಇಷ್ಟು ವರ್ಷ ಬೀಗಿದ್ದ ಮಾನವನ್ನು ಹನ್ನೊಂದು ವರ್ಷದ ಹುಡುಗಿ ಉಳಿಸಿಕೊಟ್ಟಿದ್ದಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಅವಳ ಮೇಲೆ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಅವಳ ಮಗಳು ನಕಾಶೆಯ ಗೋಪುರದ ಮೇಲೆ ಬೆರಳಿಟ್ಟು, ಮೇಲಿಂದ ಏನು ಕಾಣುತ್ತದೆ ಎಂದು ಕೇಳಿದಳು. ಸುನಂದಾ ನನ್ನ ಮುಖ ನೋಡದೆ ನೆಲ ನೋಡಿದಳು.

"ಗೊತ್ತಿಲ್ಲವ್ವಾ," ಎಂದೆ. "ನಾ ಹತ್ತೇ ಇಲ್ಲ."